ವೆಲ್ವೆಟ್ ಅಂಡರ್‌ಗ್ರೌಂಡ್: ಕೊಂಡವರೆಲ್ಲ ಬ್ಯಾಂಡ್ ಕಟ್ಟಿದರೆಂಬ ಮಾತು ಎಷ್ಟು ನಿಜ?

ಒಂಟಿತಂತಿ (ಚರ್ಚೆ ಆರಂಭಿಸಿದವರು)

ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ರಾಕ್ ಬ್ಯಾಂಡಿನ ಪ್ರಸ್ತಾಪ ಬಂದಾಗಲೆಲ್ಲ ಒಂದು ಮಾತು ತಪ್ಪದೇ ಕೇಳಿಬರುತ್ತದೆ. ಅವರ ಮೊದಲ ಆಲ್ಬಮ್ಮನ್ನು ಕೊಂಡವರು ತೀರ ಕಡಿಮೆ, ಆದರೆ ಕೊಂಡವರೆಲ್ಲರೂ ತಮ್ಮದೊಂದು ಬ್ಯಾಂಡ್ ಕಟ್ಟಿದರು ಎಂಬುದು ಆ ಮಾತು. ಅದರ ಮೂಲ 1982ರಲ್ಲಿ ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆಗೆ ಕೊಟ್ಟ ಸಂದರ್ಶನ. ಮೊದಲ ಐದು ವರ್ಷಗಳಲ್ಲಿ ಆಲ್ಬಮ್ 30,000 ಪ್ರತಿಗಳಷ್ಟೇ ಮಾರಾಟವಾಗಿತ್ತೆಂದು ಬ್ಯಾಂಡಿನ ಗಾಯಕ ಲೂ ರೀಡ್ ತಮಗೆ ಹೇಳಿದ್ದನ್ನು ಅವರು ಅಲ್ಲಿ ನೆನಪಿಸಿಕೊಂಡಿದ್ದರು. ಅನಂತರದ ನಲವತ್ತು ವರ್ಷಗಳಲ್ಲಿ ಆ ಸಂಖ್ಯೆ ಕೆಲವರ ಬಾಯಲ್ಲಿ ಹತ್ತು ಸಾವಿರಕ್ಕೆ, ಇನ್ನು ಕೆಲವರ ಬಾಯಲ್ಲಿ ಒಂದು ಸಾವಿರಕ್ಕೆ ಇಳಿದಿದೆ. ಪ್ರತಿಗಳು ಕಡಿಮೆಯಾದಷ್ಟೂ ಕಥೆಗೆ ರುಚಿ ಹೆಚ್ಚುತ್ತದೆ ಎಂದು ಕಾಣುತ್ತದೆ.

ನನಗೆ ಈ ಮಾತಿನ ಬಗ್ಗೆ ತಕರಾರಿದೆ. ಪ್ರಭಾವವೆಂಬುದು ಅಂಗಡಿಯಲ್ಲಿ ಕೊಂಡ ಗ್ರಾಮಫೋನ್ ತಟ್ಟೆಯಿಂದ ಕೇಳುಗನ ಕೋಣೆಗೆ, ಅಲ್ಲಿಂದ ಅವನ ಗಿಟಾರಿಗೆ ತಾನಾಗಿಯೇ ಹರಿಯಿತೆಂಬಂತೆ ಅದು ಚಿತ್ರಿಸುತ್ತದೆ. ರೀಡ್, ಜಾನ್ ಕೇಲ್, ಸ್ಟರ್ಲಿಂಗ್ ಮಾರಿಸನ್ ಮತ್ತು ಮೊರೀನ್ ಟಕ್ಕರ್ ಎಂಬ ನಾಲ್ವರು 1965ರ ಕೊನೆಯಿಂದ 1968ರವರೆಗೆ ಒಟ್ಟಿಗೆ ಮಾಡಿದ ಕೆಲಸ ಮುಂದಿನವರಿಗೆ ಯಾವ ದಾರಿಯಲ್ಲಿ ತಲುಪಿತು, ತಲುಪಿದ್ದಾದರೂ ಏನು ಎಂಬುದನ್ನು ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. ಕಲಾವಿದ ಆಂಡಿ ವಾರ್ಹಾಲ್ ಬಿಡಿಸಿದ ಬಾಳೆಹಣ್ಣಿನ ಮುಖಪುಟದ ಬಗ್ಗೆ ಈಗಾಗಲೇ ಸಾಕಷ್ಟು ಬರೆದಾಗಿದೆ, ಅದನ್ನು ದಯವಿಟ್ಟು ಬದಿಗಿಡೋಣ.

ಹಳೆಮುದ್ರಿಕೆ

ಮುಖಪುಟವನ್ನು ಪೂರ್ತಿ ಬದಿಗಿಡಲಾಗದು ಸರ್, ಏಕೆಂದರೆ ಮಾರಾಟದ ಕಥೆಯಲ್ಲಿ ಅದಕ್ಕೂ ಪಾಲಿದೆ. ಹಿಂಬದಿಯ ಛಾಯಾಚಿತ್ರದಲ್ಲಿ ತನ್ನ ಚಿತ್ರವನ್ನು ಅನುಮತಿಯಿಲ್ಲದೆ ಬಳಸಲಾಗಿದೆಯೆಂದು ವಾರ್ಹಾಲ್ ಬಳಗದ ನಟ ಎರಿಕ್ ಎಮರ್ಸನ್ ಪರಿಹಾರ ಕೇಳಿದ್ದರಿಂದ ಕಂಪನಿ ಪ್ರತಿಗಳನ್ನು ಹಿಂದಕ್ಕೆ ಪಡೆದು, ಆ ಚಿತ್ರದ ಮೇಲೆ ಚೀಟಿ ಅಂಟಿಸಿ, ಕೊನೆಗೆ ಅದನ್ನು ಅಳಿಸಿಯೇ ಮರುಮುದ್ರಿಸಿತು. ಹೊಸ ಆಲ್ಬಮ್ ಅಂಗಡಿಯಲ್ಲಿ ಇರಲೇಬೇಕಾಗಿದ್ದ ವಾರಗಳು ಹೀಗೆ ಕೈತಪ್ಪಿದವು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಆಗ 171ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ.

ಹಾಗೆಂದು 30,000 ಎಂಬ ಲೆಕ್ಕವೂ ನಿಲ್ಲುವುದಿಲ್ಲ. 1969ರ ಫೆಬ್ರವರಿಯವರೆಗಿನ ಗೌರವಧನದ (ರಾಯಲ್ಟಿಯ) ಲೆಕ್ಕಪತ್ರವೊಂದು ಬೆಳಕಿಗೆ ಬಂದಿದ್ದು, ಎರಡೇ ವರ್ಷಗಳಲ್ಲಿ 58,000ಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದನ್ನು ಅದು ತೋರಿಸುತ್ತದೆ. ಬೀಟಲ್ಸ್ ಎದುರಿಗೆ ಅದು ಲೆಕ್ಕಕ್ಕಿಲ್ಲ, ನಿಜ. ಆದರೆ ಯಾರೂ ಕೇಳದೇ ಹೋದ ಸಂಗೀತ ಎಂಬ ಕರುಣಾಜನಕ ಚಿತ್ರವೂ ಸರಿಯಲ್ಲ. ನನ್ನ ಮಟ್ಟಿಗೆ ದೊಡ್ಡ ಹಾನಿಯೆಂದರೆ ವಿಳಂಬ. ಬಹುಪಾಲು ಹಾಡುಗಳು 1966ರ ಏಪ್ರಿಲ್‌ನಲ್ಲೇ ಧ್ವನಿಮುದ್ರಣಗೊಂಡಿದ್ದರೂ ಆಲ್ಬಮ್ ಹೊರಬಂದದ್ದು 1967ರ ಮಾರ್ಚ್‌ನಲ್ಲಿ. ರಾಕ್ ಸಂಗೀತವು ತಿಂಗಳಿಂದ ತಿಂಗಳಿಗೆ ಬಣ್ಣ ಬದಲಿಸುತ್ತಿದ್ದ ಕಾಲದಲ್ಲಿ ಹನ್ನೊಂದು ತಿಂಗಳು ಎಂದರೆ ಒಂದು ಯುಗ.

ತಂಬೂರಿಕಟ್ಟೆ

ನಾನು ಧಾರವಾಡದವನು, ಹಿಂದೂಸ್ತಾನಿ ಸಂಗೀತದ ವಿದ್ಯಾರ್ಥಿ. ರಾಕ್ ನನಗೆ ಪರಕೀಯ ಪ್ರದೇಶ. ಆದರೂ ಈ ಬ್ಯಾಂಡಿನ ‘ಹೆರಾಯಿನ್’ ಮತ್ತು ‘ವೀನಸ್ ಇನ್ ಫರ್ಸ್’ ಕೇಳಿದಾಗ ಕೇಲ್ ಅವರ ವಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಒಂದೇ ಸ್ವರವನ್ನು ಹಿಡಿದು ನಿಲ್ಲುವ ರೀತಿ ನನ್ನನ್ನು ಬೆಚ್ಚಿಬೀಳಿಸಿತು. ಅದು ಶ್ರುತಿಯೇ ಅಲ್ಲವೇ? ಕೇಲ್ ಅವರ ಹಿರಿಯ ಸಹವರ್ತಿ, ಅಮೆರಿಕದ ಸಂಗೀತ ಸಂಯೋಜಕ ಲಾ ಮಾಂಟ್ ಯಂಗ್ ಅವರು ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರೆಂಬುದು ಪ್ರಸಿದ್ಧ ಸಂಗತಿ. ಪ್ರಾಣನಾಥರು ಉಸ್ತಾದ್ ಅಬ್ದುಲ್ ವಹೀದ್ ಖಾನರ ಶಿಷ್ಯರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಅದೇ ಘರಾಣೆಯ ಅಬ್ದುಲ್ ಕರೀಮ್ ಖಾನರ ಶಿಷ್ಯರು, ಭೀಮಸೇನ ಜೋಶಿ ಹಾಗೂ ಗಂಗೂಬಾಯಿ ಹಾನಗಲ್ ಸವಾಯಿ ಗಂಧರ್ವರ ಶಿಷ್ಯರು. ಹಾಗಾದರೆ ಈ ಬ್ಯಾಂಡಿನ ನಾದದ ಬೇರು ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಮನೆಯ ತಂಬೂರಿಯೊಂದಿಗೆ ದಾಯಾದಿ ಸಂಬಂಧ ಹೊಂದಿದೆ ಎಂದರೆ ತಪ್ಪಾದೀತೇ?

ಮಂದ್ರ

ದಾಯಾದಿ ಸಂಬಂಧವನ್ನು ಒಪ್ಪಬಹುದಾಗಿತ್ತು, ಆದರೆ ಇಸವಿಗಳು ಒಪ್ಪುವುದಿಲ್ಲ. ಪ್ರಾಣನಾಥರು ಅಮೆರಿಕಕ್ಕೆ ಬಂದದ್ದು 1970ರಲ್ಲಿ. ಕೇಲ್ ಅವರು ಯಂಗ್ ಅವರ ಗುಂಪನ್ನು ಬಿಟ್ಟು ಸಂಪೂರ್ಣವಾಗಿ ರಾಕ್ ಕಡೆಗೆ ಹೊರಳಿದ್ದು 1965ರ ಕೊನೆಯ ಹೊತ್ತಿಗೆ. 1968ರ ಸೆಪ್ಟೆಂಬರಿನಲ್ಲಿ ರೀಡ್, ಕೇಲ್ ಅವರನ್ನು ಬ್ಯಾಂಡಿನಿಂದಲೇ ಹೊರಹಾಕಿದ್ದರು. ಆದ್ದರಿಂದ ಕಿರಾನಾ ಘರಾಣೆ ಯಂಗ್ ಅವರಿಗೆ ಸಲ್ಲುತ್ತದೆಯೇ ಹೊರತು ವೆಲ್ವೆಟ್ ಅಂಡರ್‌ಗ್ರೌಂಡ್‌ಗೆ ಸಲ್ಲದು.

ಭಾರತದ ಎಳೆ ಇಲ್ಲವೆಂದೇನೂ ಅಲ್ಲ, ಅದು ಬೇರೆಡೆ ಇದೆ. 1955ರಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ವಾದನದ ದೀರ್ಘಾವಧಿ ತಟ್ಟೆಯೊಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಅದರಲ್ಲಿ ತಬಲಾ ಚತುರಲಾಲ್ ಅವರದು, ತಂಬೂರಿ ಶಿರೀಷ್ ಗೋರ್ ಅವರದು. ಯಂಗ್ ಅವರು ಆ ಕಾಲದಲ್ಲಿ ಅದನ್ನು ಕೇಳಿ ಮನಸೋತದ್ದು ಸರೋದಿಗಷ್ಟೇ ಅಲ್ಲ, ತಂಬೂರಿಗೂ. ಮುಂದೆ ಅವರು ಮೇರಿಯನ್ ಜಜೀಲಾ, ಟೋನಿ ಕಾನ್ರಾಡ್, ಕೇಲ್ ಮತ್ತು ಆಂಗಸ್ ಮ್ಯಾಕ್‌ಲೈಸ್ ಅವರೊಡನೆ ಗಂಟೆಗಟ್ಟಲೆ ಕೆಲವೇ ಸ್ವರಗಳನ್ನು ಎಳೆದು ನಿಲ್ಲಿಸುವ ಪ್ರಯೋಗಗಳನ್ನು ನಡೆಸಿದರು. ಕೇಲ್ ತಮ್ಮ ವಯೋಲಾದ ಕುದುರೆಯನ್ನು (ತಂತಿಗಳನ್ನು ಎತ್ತಿಹಿಡಿಯುವ ಭಾಗವನ್ನು) ಚಪ್ಪಟೆಯಾಗಿಸಿ, ಒಂದೇ ಎಳೆತದಲ್ಲಿ ಹಲವು ತಂತಿಗಳು ನುಡಿಯುವಂತೆ ಮಾಡಿ, ಗಿಟಾರಿನ ಲೋಹದ ತಂತಿಗಳನ್ನು ಅದಕ್ಕೆ ಕಟ್ಟಿದ್ದು ಈ ಪ್ರಯೋಗಗಳಿಗಾಗಿಯೇ. ಅಲ್ಲಿ ಅವರ ಶ್ರುತಿಯ ಆಧಾರ ತಂಬೂರಿಯಾಗಿರಲಿಲ್ಲ, ನ್ಯೂಯಾರ್ಕಿನ ವಿದ್ಯುತ್ ತಂತಿಗಳ 60 ಹರ್ಟ್ಸ್ ಗುಂಯ್‌ಕಾರವಾಗಿತ್ತು. (ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ನಮ್ಮ ಫ್ರಿಜ್ ಬೇರೆಯೇ ಷಡ್ಜದಲ್ಲಿ ಹಾಡುತ್ತದೆ.)

ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. 1964ರಲ್ಲಿ ರೀಡ್ ಅವರು ಪಿಕ್‌ವಿಕ್ ಎಂಬ ಅಗ್ಗದ ತಟ್ಟೆಗಳ ಕಂಪನಿಯಲ್ಲಿ ಸಂಬಳಕ್ಕೆ ಹಾಡು ಕಟ್ಟುತ್ತಿದ್ದರು. ಅಲ್ಲಿ ಅವರು ಬರೆದ ‘ದಿ ಆಸ್ಟ್ರಿಚ್’ ಎಂಬ ಕುಣಿತದ ಹಾಡನ್ನು ವೇದಿಕೆಯ ಮೇಲೆ ನುಡಿಸಲು ಕೇಲ್ ಮತ್ತು ಕಾನ್ರಾಡ್ ಅವರನ್ನು ಕರೆದಾಗ, ರೀಡ್ ತಮ್ಮ ಗಿಟಾರಿನ ಎಲ್ಲ ತಂತಿಗಳನ್ನೂ ಒಂದೇ ಸ್ವರಕ್ಕೆ ಕಟ್ಟಿಕೊಂಡದ್ದನ್ನು ಕಂಡು ಅವರಿಬ್ಬರೂ ಬೆರಗಾದರು. ತಾವು ಯಂಗ್ ಅವರ ಬಳಿ ಗಂಭೀರ ಸಾಧನೆಯೆಂದು ಮಾಡುತ್ತಿದ್ದುದನ್ನು ಈತ ತಮಾಷೆಯ ಹಾಡಿಗಾಗಿ ತಾನೇ ಕಂಡುಕೊಂಡಿದ್ದ. ವೇಲ್ಸ್‌ನ ಗಣಿ ಕಾರ್ಮಿಕನ ಮಗ ಕೇಲ್ ಮತ್ತು ಬ್ರೂಕ್ಲಿನ್‌ನಲ್ಲಿ ಹುಟ್ಟಿದ ರೀಡ್ ಒಂದಾದದ್ದು ಆ ಒಂದು ಸ್ವರದ ಮೇಲೆಯೇ.

ತಂಬೂರಿಕಟ್ಟೆ

ಇಸವಿಗಳಿಗೆ ತಲೆಬಾಗುತ್ತೇನೆ, ಮಂದ್ರ ಅವರೇ. ಆದರೆ ಈಗ ನೀವು ಹೇಳಿದ ಮೇಲೆ ವ್ಯತ್ಯಾಸವೇ ನನಗೆ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತಿದೆ. ನಮ್ಮಲ್ಲಿ ತಂಬೂರಿ ಎಂದೂ ಗಾಯಕನ ಜೊತೆ ಜಗಳಕ್ಕಿಳಿಯುವುದಿಲ್ಲ. ಅದು ನೆಲ, ಅದರ ಮೇಲೆ ನಿಂತು ಗಾಯಕ ರಾಗವನ್ನು ಬೆಳೆಸುತ್ತಾನೆ. ಆಲಾಪ ಎಷ್ಟೇ ಮೇಲೇರಿದರೂ ತಂಬೂರಿಯ ಮೀಟು ಮಾತ್ರ ತನ್ನ ನಡೆಯನ್ನು ಬಿಡದು. ‘ಹೆರಾಯಿನ್’ ಹಾಡಿನಲ್ಲಿ ವಯೋಲಾ ಮೊದಲ ನಿಮಿಷಗಳಲ್ಲಿ ಹಾಗೆಯೇ ನೆಲದಂತಿರುತ್ತದೆ, ಆದರೆ ಲಯ ಏರಿದಂತೆಲ್ಲ ಆ ನೆಲವೇ ಬಿರಿಯತೊಡಗುತ್ತದೆ. ಹಾಡುವವನು ನಿಂತ ಜಾಗವನ್ನೇ ಕಿತ್ತುಕೊಳ್ಳುವ ಶ್ರುತಿಯನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಲ್ಲಿ. ಎರಡೇ ಸ್ವರಮೇಳಗಳ ಮೇಲೆ ಏಳು ನಿಮಿಷ ಸಾಗುವ ಆ ಹಾಡು ನಮ್ಮ ಸಂಗೀತದಿಂದ ಏನನ್ನೋ ಕಲಿತಿದ್ದರೂ, ಅದನ್ನು ನಮ್ಮವರು ಯಾರೂ ಬಳಸಲೊಲ್ಲದ ಕೆಲಸಕ್ಕೆ ಬಳಸಿದೆ.

ಲಯಗಾರ್ತಿ

ಇಷ್ಟು ಹೊತ್ತು ತಂತಿಗಳ ಮಾತೇ ಆಯಿತು. ಡ್ರಮ್ಸ್ ನುಡಿಸುವವಳಾಗಿ ನಾನು ಟಕ್ಕರ್ ಅವರ ಪರವಾಗಿ ಎರಡು ಮಾತು ಸೇರಿಸುತ್ತೇನೆ. ಅವರು ಕುಳಿತು ನುಡಿಸುತ್ತಿರಲಿಲ್ಲ, ನಿಂತು ನುಡಿಸುತ್ತಿದ್ದರು. ಬಾಸ್ ಡ್ರಮ್ಮನ್ನು ಕಾಲಿನಿಂದ ಒದೆಯುವ ಬದಲು ಮೇಲ್ಮುಖವಾಗಿ ಮಲಗಿಸಿ, ತುದಿಗೆ ಮೆತ್ತೆಯಿರುವ ಕೋಲುಗಳಿಂದ ಬಡಿಯುತ್ತಿದ್ದರು. ಸಿಂಬಲ್ ಎಂಬ ಲೋಹದ ತಾಳವನ್ನು ಮುಟ್ಟುತ್ತಿದ್ದುದೇ ಅಪರೂಪ. ಅವರ ಮಾದರಿಗಳು ನೈಜೀರಿಯಾದ ಬಾಬಾತುಂಡೆ ಒಲಾಟುಂಜಿ ಎಂಬ ಡ್ರಮ್ ವಾದಕ ಮತ್ತು ಅಮೆರಿಕದ ಗಿಟಾರ್ ವಾದಕ ಬೋ ಡಿಡ್ಲಿ, ಆ ಕಾಲದ ರಾಕ್ ಡ್ರಮ್ಮರುಗಳಲ್ಲ. ಕೈಚಳಕ ತೋರಿಸಲು ರಾಕ್ ಡ್ರಮ್ಮರುಗಳು ಬಳಸುವ ಎಲ್ಲವನ್ನೂ ಕಳೆದು ಹಾಕಿದ ಮೇಲೆ ಉಳಿಯುವ ಬಡಿತ ಅದು.

ಅವರು ಬ್ಯಾಂಡಿಗೆ ಬಂದ ಸಂದರ್ಭವೂ ಸ್ವಾರಸ್ಯಕರವಾಗಿದೆ. ಮೊದಲ ಡ್ರಮ್ಮರ್ ಮ್ಯಾಕ್‌ಲೈಸ್, 1965ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಪ್ರೌಢಶಾಲೆಯೊಂದರಲ್ಲಿ 75 ಡಾಲರಿಗೆ ಕಾರ್ಯಕ್ರಮ ಒಪ್ಪಿಕೊಂಡ ಸುದ್ದಿ ಕೇಳಿ ಬ್ಯಾಂಡನ್ನೇ ಬಿಟ್ಟರು. ಹಣ ಪಡೆದರೆ ಇಷ್ಟು ಹೊತ್ತಿಗೆ ಆರಂಭಿಸಬೇಕು, ಇಷ್ಟು ಹೊತ್ತಿಗೆ ನಿಲ್ಲಿಸಬೇಕೆಂಬ ನಿರ್ಬಂಧ ಬರುತ್ತದೆ ಎಂಬುದು ಅವರ ಆಕ್ಷೇಪ. ಆ ಖಾಲಿ ಜಾಗಕ್ಕೆ ಟಕ್ಕರ್ ಬಂದರು.

ತಂಬೂರಿಕಟ್ಟೆಯವರು ಹೇಳಿದ ಹಾಡಿನಲ್ಲಿ ಐದನೆಯ ನಿಮಿಷದ ಸುಮಾರಿಗೆ ಡ್ರಮ್ಸ್ ಇದ್ದಕ್ಕಿದ್ದಂತೆ ನಿಂತುಹೋಗುವುದನ್ನು ಗಮನಿಸಿ. ವಿಮರ್ಶಕರು ಅದಕ್ಕೆ ಹೃದಯಬಡಿತದ ಅರ್ಥ ಕಟ್ಟಿದ್ದಾರೆ. ಉಳಿದವರ ಗದ್ದಲದಲ್ಲಿ ತನಗೆ ಏನೂ ಕೇಳಿಸದೆ ತಾನು ನಿಲ್ಲಿಸಿದೆ, ಉಳಿದವರು ಮಾತ್ರ ನಿಲ್ಲಿಸದೆ ಮುಂದುವರಿಸಿದರು ಎಂಬುದು ಟಕ್ಕರ್ ಅವರದೇ ವಿವರಣೆ. ಆ ತಪ್ಪನ್ನು ಹಾಗೆಯೇ ಮುದ್ರಿಕೆಯಲ್ಲಿ ಉಳಿಸಿದರಲ್ಲ, ಆ ಧೈರ್ಯವನ್ನೇ ಮುಂದಿನ ತಲೆಮಾರಿನ ಬ್ಯಾಂಡುಗಳು ಇವರಿಂದ ಕಲಿತವು ಎಂದು ನಾನು ನಂಬುತ್ತೇನೆ.

ಸಂದೇಹಿ

ತಪ್ಪನ್ನು ಧೈರ್ಯವೆಂದು ಕರೆಯುವುದು ಅಭಿಮಾನಿಗಳ ಹಳೆಯ ಚಾಳಿ. ಮಾದಕ ವಸ್ತು ಮತ್ತು ವಿಕೃತ ಕಾಮದ ಬಗ್ಗೆ ಹಾಡಿ, ಕಿವಿಗಡಚಿಕ್ಕುವ ಸದ್ದು ಮಾಡಿದವರನ್ನು ನಾವು ಪಂಡಿತರಂತೆ ಚರ್ಚಿಸುತ್ತಿದ್ದೇವೆ. 1968ರ ಎರಡನೆಯ ಆಲ್ಬಮ್ಮಿನ ‘ಸಿಸ್ಟರ್ ರೇ’ ಹದಿನೇಳು ನಿಮಿಷಗಳಷ್ಟು ಉದ್ದವಿದೆ. ಅದನ್ನು ಪೂರ್ತಿ ಕೇಳಿದವರು ಈ ಚರ್ಚೆಯಲ್ಲಿ ಎಷ್ಟು ಮಂದಿ ಇದ್ದೀರಿ, ಪ್ರಾಮಾಣಿಕವಾಗಿ ಹೇಳಿ.

ಒಂಟಿತಂತಿ

ನಾನು ಕೇಳಿದ್ದೇನೆ, ಮೊದಲ ಸಲ ಪೂರ್ತಿಗೊಳಿಸಲು ಆಗಲಿಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಸಾಹಿತ್ಯದ ಬಗ್ಗೆ ಮಾತ್ರ ತಮ್ಮ ಮಾತನ್ನು ಒಪ್ಪಲಾರೆ. ರೀಡ್ ಅವರು ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಕವಿ ಹಾಗೂ ಕಥೆಗಾರ ಡೆಲ್ಮೋರ್ ಶ್ವಾರ್ಟ್ಸ್ ಅವರ ವಿದ್ಯಾರ್ಥಿಯಾಗಿದ್ದರು, ಮೊದಲ ಆಲ್ಬಮ್ಮಿನ ಕೊನೆಯ ಹಾಡು ಆ ಗುರುವಿಗೇ ಅರ್ಪಿತವಾಗಿದೆ. ಸಣ್ಣಕಥೆ, ಕಾದಂಬರಿಗಳಲ್ಲಿ ಆಗಲೇ ಸಾಮಾನ್ಯವಾಗಿದ್ದ ವಸ್ತುಗಳನ್ನು ಹಾಡಿಗೆ ತರಬೇಕೆಂಬುದು ಅವರ ಹಟವಾಗಿತ್ತು. ಅಲ್ಲಿ ಚಟವನ್ನು ಹೊಗಳುವ ಸಾಲೂ ಇಲ್ಲ, ಖಂಡಿಸುವ ಸಾಲೂ ಇಲ್ಲ. ಹೇಳುವವನು ತನ್ನ ಸ್ಥಿತಿಯನ್ನು ಹೇಳಿ ಸುಮ್ಮನಾಗುತ್ತಾನೆ. ಪ್ರೇಮದ ಹಾಡುಗಳನ್ನೇ ಕೇಳಿ ಅಭ್ಯಾಸವಾದ ಕಿವಿಗೆ ಆ ಸುಮ್ಮನಿರುವಿಕೆಯೇ ಎಲ್ಲಕ್ಕಿಂತ ಕಟುವಾಗಿ ಕೇಳಿಸಿರಬೇಕು.

ವಲ್ತಾವ ದಂಡೆ

ಕೆಲಸದ ನಿಮಿತ್ತ ಪ್ರಾಗ್‌ನಲ್ಲಿರುವ ಕನ್ನಡಿಗ ನಾನು. ತಟ್ಟೆ ಕೊಂಡವರ ಲೆಕ್ಕದ ಬಗ್ಗೆ ಒಂಟಿತಂತಿಯವರು ಎತ್ತಿದ ಪ್ರಶ್ನೆಗೆ ಇಲ್ಲಿಯ ಉದಾಹರಣೆ ಚೆನ್ನಾಗಿ ಹೊಂದುತ್ತದೆ. 1968ರ ವಸಂತದಲ್ಲಿ ತಮ್ಮ ನಾಟಕದ ಪ್ರಯೋಗಕ್ಕಾಗಿ ನ್ಯೂಯಾರ್ಕಿಗೆ ಹೋಗಿದ್ದ ನಾಟಕಕಾರ ವಾತ್ಸ್ಲಾವ್ ಹಾವೆಲ್ ಮರಳುವಾಗ ಈ ಬ್ಯಾಂಡಿನ ತಟ್ಟೆಯೊಂದನ್ನು ತಂದರು. ಆಗಸ್ಟ್‌ನಲ್ಲಿ ಸೋವಿಯತ್ ಬಣದ ಟ್ಯಾಂಕುಗಳು ನಗರಕ್ಕೆ ನುಗ್ಗಿದವು. ಅದೇ ಶರತ್ಕಾಲದಲ್ಲಿ ಮಿಲಾನ್ ಹ್ಲವ್ಸಾ ಮತ್ತು ಗೆಳೆಯರು ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್ ಎಂಬ ಬ್ಯಾಂಡ್ ಕಟ್ಟಿ, ವೆಲ್ವೆಟ್ ಅಂಡರ್‌ಗ್ರೌಂಡ್‌ನ ಹಾಡುಗಳನ್ನೂ ನುಡಿಸತೊಡಗಿದರು. 1970ರಲ್ಲಿ ಸರ್ಕಾರ ಅವರ ಪರವಾನಗಿಯನ್ನು ಕಿತ್ತುಕೊಂಡಿತು. ಅನಂತರ ಅವರು ಹಳ್ಳಿಗಳ ಕೊಟ್ಟಿಗೆಗಳಲ್ಲಿ, ಮದುವೆಯ ನೆಪದಲ್ಲಿ ನುಡಿಸಿದರು. 1976ರಲ್ಲಿ ಅವರ ಬಂಧನವಾಗಿ, ಬ್ಯಾಂಡಿನ ಕಲಾ ನಿರ್ದೇಶಕ ಇವಾನ್ ಯಿರೋಸ್ ಅವರಿಗೆ 18 ತಿಂಗಳ ಸೆರೆವಾಸ ವಿಧಿಸಲಾಯಿತು. ಆ ವಿಚಾರಣೆಯನ್ನು ಪ್ರತಿಭಟಿಸಲು ಒಂದುಗೂಡಿದವರಿಂದಲೇ 1977ರ ಜನವರಿಯಲ್ಲಿ ಚಾರ್ಟರ್ 77 ಎಂಬ ನಾಗರಿಕ ಹಕ್ಕುಗಳ ಹೇಳಿಕೆ ಮೂಡಿಬಂತು, ಹಾವೆಲ್ ಅದರ ಮುಂಚೂಣಿಯಲ್ಲಿದ್ದರು.

ಜೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಆಡಳಿತವನ್ನು ಕೊನೆಗಾಣಿಸಿದ 1989ರ ವೆಲ್ವೆಟ್ ಕ್ರಾಂತಿಗೆ ಆ ಹೆಸರು ಬಂದದ್ದು ಈ ಬ್ಯಾಂಡಿನಿಂದ ಎಂದು ಅನೇಕರು ಬರೆಯುತ್ತಾರೆ. ಅದನ್ನು ನಂಬಬೇಡಿ. ರಕ್ತಪಾತವಿಲ್ಲದೆ, ಮಖಮಲ್ಲಿನಷ್ಟು ನಯವಾಗಿ ಆಡಳಿತ ಬದಲಾಯಿತೆಂಬುದೇ ಆ ಹೆಸರಿನ ಸರಳ ಅರ್ಥ. ಹೆಸರಿನ ಕಾಕತಾಳೀಯಕ್ಕಿಂತ ನಡೆದ ಘಟನೆಯೇ ದೊಡ್ಡದು. 1990ರಲ್ಲಿ ರೀಡ್ ಅವರು ಆಗ ದೇಶದ ಅಧ್ಯಕ್ಷರಾಗಿದ್ದ ಹಾವೆಲ್ ಅವರನ್ನು ಸಂದರ್ಶಿಸಲು ಪ್ರಾಗ್‌ಗೆ ಬಂದರು, ಇಲ್ಲಿಯ ಸಣ್ಣ ಕ್ಲಬ್ಬೊಂದರಲ್ಲಿ ತಮ್ಮ ಹಳೆಯ ಹಾಡುಗಳನ್ನು ಇಲ್ಲಿಯವರ ಕೈಯಲ್ಲಿ ಕೇಳಿದರು. 1998ರಲ್ಲಿ ಹಾವೆಲ್ ಅವರ ಗೌರವಾರ್ಥ ಅಮೆರಿಕದ ಶ್ವೇತಭವನದಲ್ಲಿ ನಡೆದ ಔತಣಕೂಟದಲ್ಲಿ ರೀಡ್ ಜೊತೆ ಹ್ಲವ್ಸಾ ಕೂಡ ನುಡಿಸಿದರು.

ಮಂದ್ರ

ಈಗ ನನಗೆ ಈನೋ ಅವರ ಮಾತಿನ ದೋಷ ಎಲ್ಲಿದೆಯೆಂದು ತೋರುತ್ತಿದೆ. ಆಧಾರ ಸಿಗುವ ಕಡೆಯೆಲ್ಲ ಪ್ರಭಾವ ಅಂಗಡಿಯಿಂದ ಬಂದಿಲ್ಲ, ಕೈಯಿಂದ ಕೈಗೆ ಬಂದಿದೆ. ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಅವರಿಗೆ ಆ ಸಂಗೀತ ತಲುಪಿದ್ದು 1966ರ ಡಿಸೆಂಬರಿನಲ್ಲಿ, ಅಂದರೆ ಆಲ್ಬಮ್ ಬಿಡುಗಡೆಯಾಗುವ ಮೊದಲೇ. ಅವರ ವ್ಯವಸ್ಥಾಪಕ ಕೆನ್ ಪಿಟ್ ನ್ಯೂಯಾರ್ಕಿನಿಂದ ಪರೀಕ್ಷಾ ಮುದ್ರಣದ ತಟ್ಟೆಯೊಂದನ್ನು ತಂದುಕೊಟ್ಟಿದ್ದರು. ಬಾಸ್ಟನ್ನಿನ ಹದಿಹರೆಯದ ಜೊನಾಥನ್ ರಿಚ್‌ಮನ್ ತಮ್ಮ ಊರಿನ ಬಾಸ್ಟನ್ ಟೀ ಪಾರ್ಟಿ ಎಂಬ ಸಭಾಂಗಣದಲ್ಲಿ ಈ ಬ್ಯಾಂಡನ್ನು ಮತ್ತೆ ಮತ್ತೆ ಕೇಳಿ, ಅವರ ಹಿಂದೆ ಹಿಂದೆ ಓಡಾಡಿ ಕಲಿತವರು. ಮುಂದೆ ಅವರ ಮಾಡರ್ನ್ ಲವರ್ಸ್ ಬ್ಯಾಂಡಿನ ‘ರೋಡ್‌ರನ್ನರ್’ ಹಾಡು ‘ಸಿಸ್ಟರ್ ರೇ’ಯ ನಡೆಯನ್ನೇ ಹಿಡಿದು, ಅದರ ಕತ್ತಲನ್ನು ತೆಗೆದು, ರಾತ್ರಿ ಕಾರು ಓಡಿಸುವ ಸಂತಸವನ್ನು ತುಂಬಿತು. ಅದರ ಮುದ್ರಣವನ್ನು ನಿರ್ಮಿಸಿದವರು ಯಾರು? ಕೇಲ್ ಅವರೇ. 1969ರಲ್ಲಿ ಸ್ಟೂಜಸ್ ಬ್ಯಾಂಡಿನ ಮೊದಲ ಆಲ್ಬಮ್, 1975ರಲ್ಲಿ ಪ್ಯಾಟಿ ಸ್ಮಿತ್ ಅವರ ‘ಹಾರ್ಸಸ್’ ಕೂಡ ಅವರ ನಿರ್ಮಾಣವೇ. ಪಂಕ್ ಎಂಬ ಒರಟು ರಾಕ್ ಸಂಗೀತದ ಮೂಲವೆಂದು ಎಲ್ಲರೂ ಹೆಸರಿಸುವ ಮೂರು ಮುದ್ರಿಕೆಗಳ ಹಿಂದೆ ಅದೇ ವಯೋಲಾ ವಾದಕ ಕುಳಿತಿದ್ದಾರೆ. ನಮ್ಮ ಕಡೆ ಇದನ್ನು ಪಾಠಾಂತರ ಎನ್ನುತ್ತೇವೆ, ಗುರುವಿನ ಎದುರಿಗೆ ಕುಳಿತು ಕಲಿಯುವುದು. ಮಾರಾಟದ ಅಂಕಿಗಳಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ.

ಹಳೆಮುದ್ರಿಕೆ

ಬಹುಪಾಲು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಕೇಲ್ ಹೊರಬಿದ್ದ ಮೇಲಿನ ಬ್ಯಾಂಡನ್ನು ತಾವೆಲ್ಲರೂ ಮರೆತೇ ಬಿಟ್ಟಿದ್ದೀರಿ. ಅವರ ಜಾಗಕ್ಕೆ ಡಗ್ ಯೂಲ್ ಬಂದ ಬಳಿಕ 1969ರಲ್ಲಿ ಹೊರಬಂದ ಮೂರನೆಯ ಆಲ್ಬಮ್ ಪಿಸುಮಾತಿನಷ್ಟು ಮೆಲ್ಲಗಿದೆ, ಪ್ರಯೋಗಶೀಲತೆ ಎಂದರೆ ಗದ್ದಲ ಎಂದುಕೊಂಡವರಿಗೆ ಅದು ಈಗಲೂ ನಿರಾಶೆ ತರುತ್ತದೆ. ಅದರ ದಾರಿಯಲ್ಲಿ ನಡೆದ ಗ್ಯಾಲಕ್ಸಿ 500, ಯೋ ಲಾ ಟೆಂಗೋ ಮುಂತಾದ ಬ್ಯಾಂಡುಗಳು ಹುಟ್ಟಿದ್ದು 1980ರ ದಶಕದಲ್ಲಿ, ಅಂದರೆ ಯಾರೊಬ್ಬರೂ ಗುರುವಿನ ಎದುರಿಗೆ ಕುಳಿತಿರಲು ಸಾಧ್ಯವಿಲ್ಲದಷ್ಟು ತಡವಾಗಿ. ಅವರೆಲ್ಲ ತಟ್ಟೆ ಕೇಳಿಯೇ ಕಲಿತವರು. 1980ರಲ್ಲಿ ಲಂಡನ್ನಿನ ವೇದಿಕೆಯಲ್ಲಿ ‘ಸಿಸ್ಟರ್ ರೇ’ ನುಡಿಸಿದ ಜಾಯ್ ಡಿವಿಷನ್‌ನವರೂ ಮೂಲ ಬ್ಯಾಂಡನ್ನು ಕಂಡವರಲ್ಲ. ಹಾವೆಲ್ ಹೊತ್ತೊಯ್ದದ್ದೂ ಒಂದು ತಟ್ಟೆಯನ್ನೇ ಅಲ್ಲವೇ? ಆದ್ದರಿಂದ ಈನೋ ಅವರನ್ನು ಪೂರ್ತಿ ತಳ್ಳಿಹಾಕಬೇಡಿ. ಅವರ ಅಂಕಿ ತಪ್ಪಿರಬಹುದು, ಕಾಲವೂ ಸ್ವಲ್ಪ ಹಿಂದುಮುಂದಾಗಿರಬಹುದು. ಮೊದಲ ಹತ್ತು ವರ್ಷ ಪಾಠಾಂತರದಿಂದ, ಅನಂತರ ತಟ್ಟೆಯಿಂದ ಎಂದರೆ ನನಗೆ ಸಮಾಧಾನ.

ಸಂದೇಹಿ

ಹದಿನೇಳು ನಿಮಿಷವನ್ನು ನಿನ್ನೆ ರಾತ್ರಿ ಪೂರ್ತಿ ಕೇಳಿದೆ. ಇಷ್ಟವಾಗಲಿಲ್ಲ. ಆದರೆ ಕೇಲ್ ಅವರ ಆರ್ಗನ್ ರೀಡ್ ಅವರ ಗಿಟಾರನ್ನು ಮುಳುಗಿಸಲು ನೋಡುವುದು, ರೀಡ್ ಸೋಲದೆ ಮತ್ತೆ ದನಿ ಏರಿಸುವುದು ಕೇಳಿಸಿತು. ಕೆಲವೇ ತಿಂಗಳಲ್ಲಿ ಇವರಿಬ್ಬರೂ ಬೇರೆಯಾದದ್ದು ಏಕೆಂದು ಇನ್ನು ಯಾರೂ ನನಗೆ ವಿವರಿಸಬೇಕಾಗಿಲ್ಲ.

ಲಯಗಾರ್ತಿ

ಅವರಿಬ್ಬರ ನಡುವೆ ತಾಳ ಬಿಡದೆ ನಿಂತವರು ಯಾರೆಂಬುದೂ ಕೇಳಿಸಿರಬೇಕಲ್ಲ!

ತಂಬೂರಿಕಟ್ಟೆ

ಈ ಚರ್ಚೆಯ ನೆಪದಲ್ಲಿ ನಾನೊಂದು ಪ್ರಯೋಗ ಮಾಡಿದೆ. ‘ಹೆರಾಯಿನ್’ ಹಾಡಿನ ವಯೋಲಾಕ್ಕೆ ಸರಿಯಾಗಿ ನನ್ನ ತಂಬೂರಿಯನ್ನು ಕೂಡಿಸಿ, ಹಾಡಿನ ಜೊತೆಗೇ ಮೀಟುತ್ತ ಕುಳಿತೆ. ಮೊದಲಿಗೆ ಎರಡೂ ನಾದಗಳು ಒಂದಕ್ಕೊಂದು ಬೆರೆತು ಯಾವುದು ಯಾವುದೆಂದು ತಿಳಿಯದಂತಾಯಿತು. ಲಯ ಏರಿದಾಗ ನನ್ನ ಬೆರಳೂ ಅರಿವಿಲ್ಲದೆ ಓಡತೊಡಗಿದ್ದರಿಂದ ಅದನ್ನು ಎರಡು ಸಲ ತಡೆದು ನಿಲ್ಲಿಸಬೇಕಾಯಿತು. ಐದು ನಿಮಿಷ ದಾಟಿ ಟಕ್ಕರ್ ಅವರು ಕೋಲು ಕೆಳಗಿಳಿಸುವ ಹೊತ್ತಿಗೆ ವಯೋಲಾ ತನ್ನ ಸ್ವರವನ್ನು ಬಿಟ್ಟು ಚೀರುತ್ತ ಎಲ್ಲಿಗೋ ಹೊರಟುಹೋಯಿತು, ಷಡ್ಜವನ್ನು ಹಿಡಿದುಕೊಂಡು ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ಅದು ಮರಳಿ ಬರುವವರೆಗೆ ಮೀಟುತ್ತಲೇ ಇದ್ದೆ.